ಶರದೃತುವಿನ ಹೂಗುಚ್ಛ: ಎಸೆದ ಹೂವಿಗೂ ಒಂದು ಲೆಕ್ಕ

ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಸೇವಂತಿಗೆಯ ಬೆಲೆ ವಿಚಾರಿಸಿದವರು ವಿಜಯದಶಮಿಯ ಮರುದಿನವೂ ಅದೇ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ ನೋಡಬೇಕು. ಅದೇ ತೋಟದ ಅದೇ ಹೂವು ಎರಡು ಮೂರು ದಿನಗಳ ಅಂತರದಲ್ಲಿ ತನ್ನ ಬೆಲೆಯ ಬಹುಭಾಗವನ್ನು ಕಳೆದುಕೊಂಡಿರುತ್ತದೆ. ಕೊಯ್ಲಿನ ಕೂಲಿಯೂ ಹುಟ್ಟದೆ ಚೆಂಡುಹೂವನ್ನು ರಸ್ತೆಯ ಬದಿಯಲ್ಲಿ ಸುರಿದು ಬರಿಗೈಯಲ್ಲಿ ಊರಿಗೆ ಮರಳುವ ರೈತರ ಚಿತ್ರ ಹಬ್ಬದ ನಂತರದ ದಿನಗಳಲ್ಲಿ ಪತ್ರಿಕೆಗಳಿಗೆ ಹೊಸತಲ್ಲ. ಇದೇ ವಾರದಲ್ಲಿ ಅದೇ ನಗರದ ಹೂಗುಚ್ಛದ ಅಂಗಡಿಗಳಲ್ಲಿ ಪಾಲಿಹೌಸ್‌ನಲ್ಲಿ ಬೆಳೆದ ಜರ್ಬೆರಾ, ಕಾರ್ನೇಷನ್‌ಗಳ ಗುಚ್ಛಗಳು ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ನೂರಾರು ರೂಪಾಯಿಗೆ ಮಾರಾಟವಾಗುತ್ತಿರುತ್ತವೆ. ಈ ಎರಡು ದೃಶ್ಯಗಳ ನಡುವೆ ವ್ಯಾಪಾರಕ್ಕೆ ಅವಕಾಶವಿದೆಯೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾನು ಹೂವಿನ ವ್ಯಾಪಾರಿಯಲ್ಲ, ತೋಟಗಾರಿಕೆಯ ತಜ್ಞನೂ ಅಲ್ಲ. ಸುಮಾರು ಮೂರು ದಶಕಗಳಿಂದ ಸಣ್ಣ ವರ್ತಕರ ಲೆಕ್ಕಪತ್ರಗಳನ್ನು ನೋಡುತ್ತಿರುವವನು. ಈ ವಿಷಯಕ್ಕೆ ನನ್ನನ್ನು ಎಳೆದು ತಂದವರು ಒಬ್ಬ ಕಕ್ಷಿದಾರರು. ಜಿಲ್ಲಾ ಕೇಂದ್ರವೊಂದರಲ್ಲಿ ಉಡುಗೊರೆ ಸಾಮಗ್ರಿಗಳ ಅಂಗಡಿ ನಡೆಸುವ ಅವರು ಕೆಲವು ವರ್ಷಗಳ ಹಿಂದೆ ಮನೆಮನೆಗೆ ಹೂಗುಚ್ಛ ಒದಗಿಸುವ ವ್ಯವಹಾರವನ್ನೂ ಆರಂಭಿಸಿದ್ದರು. ವರ್ಷಾಂತ್ಯದಲ್ಲಿ ನೋಡಿದರೆ ಮಾರಾಟ ಹೆಚ್ಚಿದೆ, ಲಾಭ ಇಳಿದಿದೆ. ಖಾತೆ ಪುಸ್ತಕದಲ್ಲಿ ‘ಹೂವಿನ ಖರೀದಿ’ ಎಂಬ ಒಂದೇ ಸಾಲು. ಅದರ ಮುಂದೆ ಒಂದು ದೊಡ್ಡ ಮೊತ್ತ. ಇದರಲ್ಲಿ ಮಾರಿದ್ದೆಷ್ಟು, ಎಸೆದದ್ದೆಷ್ಟು ಎಂದು ಕೇಳಿದೆ. “ಬಾಡಿದ ಹೂವನ್ನು ಯಾರು ಎಣಿಸ್ತಾರೆ ಸರ್?” ಎಂದರು. ಒಂದು ತಿಂಗಳು ಎಣಿಸಿ ನೋಡಿ ಎಂದು ಹೇಳಿ ಕಳುಹಿಸಿದೆ. ಆ ತಿಂಗಳ ನೋಟ್‌ಪುಸ್ತಕ ಹೇಳಿದ ವಿಚಾರವನ್ನು ಮುಂದೆ ವಿವರಿಸುತ್ತೇನೆ.

ಋತುವಿನ ಹೂವು ಎಂದರೇನು

ಸೇವಂತಿಗೆ ಶರದೃತುವಿನಲ್ಲಿ ಅರಳುವುದು ಆಕಸ್ಮಿಕವಲ್ಲ. ಅದು ಹಗಲು ಕುಗ್ಗಿ ರಾತ್ರಿ ದೀರ್ಘವಾಗುವುದನ್ನು ಗುರುತಿಸಿ ಮೊಗ್ಗು ಕಟ್ಟುವ ಸಸ್ಯ. ಹಗಲು ರಾತ್ರಿಗಳ ಅವಧಿಗೆ ಸಸ್ಯಗಳು ಹೀಗೆ ಸ್ಪಂದಿಸುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಆ ತಿಳಿವಳಿಕೆಯ ಫಲವಾಗಿಯೇ ಇಂದು ಜಗತ್ತಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಸೇವಂತಿಗೆ ದೊರೆಯುತ್ತದೆ. ರಾತ್ರಿಯ ಹೊತ್ತು ದೀಪ ಉರಿಸಿದರೆ ಗಿಡ ಮೊಗ್ಗು ಕಟ್ಟುವುದನ್ನು ಮುಂದೂಡುತ್ತದೆ. ಕಪ್ಪು ಹೊದಿಕೆ ಹಾಕಿದರೆ ಬೇಗ ಕಟ್ಟುತ್ತದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಬಲ್ಬುಗಳು ಉರಿಯುವುದನ್ನು ಕಂಡು ಯಾರದೋ ಮದುವೆ ಎಂದು ಭಾವಿಸಿರಬಹುದು. ಅದು ಸೇವಂತಿಗೆಯ ತೋಟ.

ಹೀಗೆ ಬೆಳೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಬ್ಬವಿಲ್ಲದ ಕಾಲದಲ್ಲೂ ಬೆಲೆ ಸಿಗಲೆಂದು ರೈತರು ಮಾಡಿಕೊಂಡಿರುವ ಉಪಾಯವದು. ಆದರೆ ವಿದ್ಯುತ್ತಿನ ಖರ್ಚು ಹೂವಿನ ಬೆಲೆಯೊಳಗೆ ಸೇರುತ್ತದೆ ಎಂಬುದು ವರ್ತಕರಿಗೆ ತಿಳಿದಿರಬೇಕು. ಸೆಪ್ಟೆಂಬರಿನಿಂದ ನವೆಂಬರ್ ವರೆಗೆ ಬಯಲಿನಲ್ಲಿ ತಾನಾಗಿಯೇ ಅರಳುವ ಹೂವಿಗೆ ಆ ಖರ್ಚಿಲ್ಲ.

ದೂರದಿಂದ ಬಂದದ್ದೆಲ್ಲ ಪರಿಸರಕ್ಕೆ ಹಾನಿಕರ, ಹತ್ತಿರದ್ದೆಲ್ಲ ಒಳ್ಳೆಯದು ಎಂಬ ಸುಲಭ ತೀರ್ಮಾನವೂ ಸರಿಯಲ್ಲ. 2007ರಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಬ್ರಿಟನ್ ಮಾರುಕಟ್ಟೆಗೆ ಬರುವ ಗುಲಾಬಿಯ ಇಂಗಾಲದ ಲೆಕ್ಕ ಹಾಕಿತು. 12,000 ಗುಲಾಬಿಗಳಿಗೆ ಕೀನ್ಯಾದಲ್ಲಿ ಬೆಳೆದು ವಿಮಾನದಲ್ಲಿ ತಂದಾಗ ಸುಮಾರು 6,000 ಕಿಲೋ ಇಂಗಾಲದ ಡೈಆಕ್ಸೈಡ್. ಪಕ್ಕದ ಹಾಲೆಂಡಿನ ಗಾಜಿನ ಮನೆಯಲ್ಲಿ ಬೆಳೆದರೆ ಸುಮಾರು 35,000 ಕಿಲೋ. ಗಾಜಿನ ಮನೆಯನ್ನು ಬೆಚ್ಚಗಿಡುವ ಇಂಧನ ವಿಮಾನದ ಇಂಧನವನ್ನೂ ಮೀರಿತ್ತು. ಹೂವು ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ, ತನ್ನ ಋತುವಿನಲ್ಲಿ ಅರಳಿತೆ ಎಂಬ ಪ್ರಶ್ನೆಯೇ ದೊಡ್ಡದೆಂದು ಇದರಿಂದ ತಿಳಿಯುತ್ತದೆ. ಈ ವಿಷಯದಲ್ಲಿ ನಮ್ಮ ರಾಜ್ಯದ ಬಯಲು ಸೀಮೆಗೆ ದೊರೆತಿರುವ ಅನುಕೂಲ ಯುರೋಪಿನ ಯಾವ ದೇಶಕ್ಕೂ ಇಲ್ಲ. ಶರತ್ಕಾಲದಲ್ಲಿ ಇಲ್ಲಿ ಬೆಚ್ಚಗಿಡುವ ಅಗತ್ಯವೂ ಇಲ್ಲ, ತಣ್ಣಗಿಡುವ ಅಗತ್ಯವೂ ಹೆಚ್ಚಿಲ್ಲ.

ಮನೆಯ ಹೂದಾನಿಗೆ ಈ ಕಾಲದಲ್ಲಿ ಏನೇನು ಸಿಗುತ್ತದೆ? ಸೇವಂತಿಗೆ, ಚೆಂಡುಹೂ, ಸುಗಂಧರಾಜ, ಆಸ್ಟರ್, ಕೋಳಿಜುಟ್ಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಕಾಮಿನಿ, ಪೂರ್ಣಿಮಾ, ಶಶಾಂಕ ಎಂಬ ಆಸ್ಟರ್ ತಳಿಗಳೂ ಪ್ರಜ್ವಲ್‌ನಂತಹ ಸುಗಂಧರಾಜದ ತಳಿಗಳೂ ಬಯಲಿನಲ್ಲೇ ಬೆಳೆಯುವಂಥವು. ಹಸಿರಿಗೆ ಮರುಗ, ದವನ, ತುಳಸಿ ಇವೆ. ತೆನೆಗೆ ರಾಗಿ, ನವಣೆ, ಭತ್ತ ಇವೆ. ಕರಾವಳಿಯಲ್ಲಿ ಹೊಸ ಕದಿರನ್ನು ಮನೆಗೆ ತಂದು ಕಟ್ಟುವ ಪದ್ಧತಿ ಇಂದಿಗೂ ಉಳಿದಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುನ್ನ ಒಂಬತ್ತು ದಿನ ಅಲ್ಲಿನ ಕ್ರೈಸ್ತ ಮಕ್ಕಳು ಬುಟ್ಟಿಯಲ್ಲಿ ಹೂವು ತುಂಬಿಕೊಂಡು ಇಗರ್ಜಿಗೆ ಹೋಗುತ್ತಾರೆ. ಹೂವನ್ನೂ ತೆನೆಯನ್ನೂ ಜೊತೆಗೆ ಮನೆ ತುಂಬಿಸಿಕೊಳ್ಳುವುದು ನಮಗೆ ಹೊರಗಿನವರು ಕಲಿಸಬೇಕಾದ ಸಂಗತಿಯಲ್ಲ. ಆದರೆ ಹೂವುಗಳ ವಿಷಯ ಬೇರೆ: ಸೇವಂತಿಗೆ ಮತ್ತು ಆಸ್ಟರ್ ಚೀನಾ ಮೂಲದವು, ಚೆಂಡುಹೂ ಮತ್ತು ಸುಗಂಧರಾಜ ಮೆಕ್ಸಿಕೋದವು. ನಮ್ಮ ಹಬ್ಬದ ಚೆಂಡುಹೂವೇ ನವೆಂಬರ್ ಮೊದಲ ವಾರದಲ್ಲಿ ಮೆಕ್ಸಿಕೋದ ಮನೆಗಳಲ್ಲಿ ಪಿತೃಗಳ ಸ್ಮರಣೆಗೆ ಅಲಂಕಾರವಾಗುತ್ತದೆ.

ಬಿಡಿ ಹೂವೇ, ಕಡ್ಡಿ ಹೂವೇ

ನಮ್ಮಲ್ಲಿ ಸೇವಂತಿಗೆಯನ್ನು ಬಿಡಿ ಹೂವಾಗಿ ಬುಡಕ್ಕೇ ಕೊಯ್ದು ಕಿಲೋ ಲೆಕ್ಕದಲ್ಲೋ, ಕಟ್ಟಿ ಮಾರು ಮೊಳದ ಲೆಕ್ಕದಲ್ಲೋ ಮಾರುತ್ತಾರೆ. ಹೂದಾನಿಗೆ ಬೇಕಾದದ್ದು ಕಡ್ಡಿ ಸಮೇತ ಹೂವು. ನನ್ನ ಕಕ್ಷಿದಾರರು ಹತ್ತಿರದ ಹಳ್ಳಿಯ ಬೆಳೆಗಾರರೊಬ್ಬರನ್ನು ಮೊದಲ ಬಾರಿ ಕಂಡು ಕಡ್ಡಿ ಹೂವು ಕೇಳಿದಾಗ ಆತ ಹೇಳಿದ ಮಾತು ಇದು: “ಕಡ್ಡಿ ಸಮೇತ ಕಿತ್ಕೊಂಡ್ರೆ ಆಮ್ಯಾಕೆ ಗಿಡದಾಗೆ ಏನ್ ಉಳೀತದಮ್ಮ?”

ಈ ಪ್ರಶ್ನೆಯಲ್ಲಿ ಇಡೀ ವ್ಯವಹಾರದ ಗಂಟು ಇದೆ. ಬಿಡಿ ಹೂವಿಗಾದರೆ ಒಂದೇ ಗಿಡದಿಂದ ವಾರಗಟ್ಟಲೆ ಮತ್ತೆ ಮತ್ತೆ ಕೊಯ್ಲು ಸಿಗುತ್ತದೆ. ಕಡ್ಡಿಯನ್ನೇ ಕತ್ತರಿಸಿದರೆ ಅದರ ಮೇಲೆ ಇನ್ನೂ ಅರಳಬೇಕಿದ್ದ ಮೊಗ್ಗುಗಳೆಲ್ಲ ಹೋದವು. ಆದ್ದರಿಂದ ಒಂದು ಕಡ್ಡಿಯ ಬೆಲೆಯನ್ನು ಅದರ ಮೇಲಿನ ಅರಳಿದ ಹೂವಿನ ತೂಕಕ್ಕೆ ಹೋಲಿಸಿ ನಿಗದಿ ಮಾಡಿದರೆ ಬೆಳೆಗಾರನಿಗೆ ನಷ್ಟ ಖಚಿತ. ಮುಂದೆ ಬರಬೇಕಿದ್ದ ಕೊಯ್ಲಿನ ಮೌಲ್ಯವನ್ನೂ ಸೇರಿಸಬೇಕು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಕೈಬಿಟ್ಟ ಅವಕಾಶದ ವೆಚ್ಚ. ಆ ಬೆಳೆಗಾರ ಯಾವ ಪಠ್ಯಪುಸ್ತಕವನ್ನೂ ಓದದೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದ.

ಪರಿಹಾರವಾಗಿ ಇಬ್ಬರೂ ಒಪ್ಪಿಕೊಂಡದ್ದು ಸರಳವಾಗಿತ್ತು. ಹೊಲದ ಒಂದು ಭಾಗವನ್ನು ಮಾತ್ರ ಕಡ್ಡಿ ಹೂವಿಗೆ ಮೀಸಲಿಟ್ಟು ಅಲ್ಲಿ ಗಿಡಗಳನ್ನು ಒತ್ತಾಗಿ ನೆಡುವುದು. ಒತ್ತಾಗಿ ನೆಟ್ಟ ಗಿಡ ಹರಡದೆ ನೇರವಾಗಿ ಮೇಲೇಳುತ್ತದೆ. ಎಲ್ಲವನ್ನೂ ಒಂದೇ ದಿನ ನೆಡದೆ ವಾರ, ಹತ್ತು ದಿನಗಳ ಅಂತರದಲ್ಲಿ ನೆಡುವುದು. ಉಳಿದ ಹೊಲ ಎಂದಿನಂತೆ ಬಿಡಿ ಹೂವಿಗೆ. ಕಡ್ಡಿಗೆ ಋತು ಪೂರ್ತಿ ಒಂದೇ ದರ. ಹಬ್ಬಕ್ಕೆ ಏರಿಕೆ ಇಲ್ಲ, ಹಬ್ಬದ ನಂತರ ಇಳಿಕೆಯೂ ಇಲ್ಲ. ಹಬ್ಬದ ಹಿಂದಿನ ದಿನ ಮಾರುಕಟ್ಟೆ ಏರಿದಾಗ ಬೆಳೆಗಾರ ಮಾತು ತಪ್ಪಿ ಹೂವನ್ನು ಬೇರೆಡೆ ಕೊಟ್ಟುಬಿಟ್ಟರೆ ಎಂಬ ಆತಂಕ ಕಕ್ಷಿದಾರರಿಗಿತ್ತು. ಮೊದಲ ವರ್ಷ ಒಂದು ದಿನ ಹಾಗೆ ಆಯಿತು ಕೂಡ. ಮರುವರ್ಷ ಮುಂಗಡದ ಮೊತ್ತವನ್ನು ಸ್ವಲ್ಪ ಹೆಚ್ಚಿಸಿದರು. ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ ಎಂಬ ನನ್ನ ಸಲಹೆಯನ್ನು ಅವರು ಇಂದಿಗೂ ಪಾಲಿಸಿಲ್ಲ. ವ್ಯವಹಾರ ಇಂದಿಗೂ ನಡೆದಿದೆ.

ಕೀಟನಾಶಕದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹೂವು ಆಹಾರವಲ್ಲ. ಆದ್ದರಿಂದ ತರಕಾರಿ ಹಣ್ಣುಗಳಿಗೆ ಇರುವ ಕೀಟನಾಶಕ ಉಳಿಕೆಯ ಮಿತಿ ಅದಕ್ಕಿಲ್ಲ. 2016ರಲ್ಲಿ ಬೆಲ್ಜಿಯಂನ ಸಂಶೋಧಕರು ಅಲ್ಲಿನ ಅಂಗಡಿಗಳ 90 ಹೂಗುಚ್ಛಗಳನ್ನು ಪರೀಕ್ಷಿಸಿದಾಗ ಒಟ್ಟು 107 ಬಗೆಯ ಕೀಟ ಮತ್ತು ರೋಗನಾಶಕಗಳ ಉಳಿಕೆ ಕಂಡುಬಂತು. ಅವರ ಕಾಳಜಿ ಕೊಳ್ಳುವವರಿಗಿಂತ ದಿನವಿಡೀ ಗುಚ್ಛ ಕಟ್ಟುವವರ ಬಗ್ಗೆ ಇತ್ತು. ನಮ್ಮಲ್ಲಿ ಹೂ ಕಟ್ಟುವ ಹೆಂಗಸರು ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ, ಕಟ್ಟಿದ ಹೂವನ್ನು ಮುಡಿಯುತ್ತಾರೆ, ಮಕ್ಕಳು ಮೂಗಿಗೆ ಹಿಡಿಯುತ್ತಾರೆ. ಕೊಯ್ಲಿಗೆ ಮುನ್ನ ಎಷ್ಟು ದಿನ ಔಷಧಿ ಹೊಡೆದಿಲ್ಲ ಎಂದು ಬೆಳೆಗಾರನನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಯಾವ ಕಾನೂನೂ ಬೇಕಿಲ್ಲ.

ಚೆಂಡುಹೂವಿನ ಮಟ್ಟಿಗೆ ಇನ್ನೊಂದು ಅನುಕೂಲವಿದೆ. ಟೊಮೆಟೊ ಸಾಲುಗಳ ನಡುವೆ ಚೆಂಡುಹೂವಿನ ಸಾಲು ಹಾಕಿದರೆ ಕಾಯಿಕೊರಕ ಹುಳುವಿನ ಪತಂಗ ಹೂವಿನತ್ತ ಆಕರ್ಷಿತವಾಗುತ್ತದೆ. ಗಿಡದ ಬೇರು ಮಣ್ಣಿನ ಜಂತುಹುಳುವನ್ನೂ ತಗ್ಗಿಸುತ್ತದೆ. ತೋಟಗಾರಿಕಾ ವಿಜ್ಞಾನಿಗಳೇ ಶಿಫಾರಸು ಮಾಡಿರುವ ಪದ್ಧತಿಯಿದು. ಕೋಲಾರದಂತಹ ಟೊಮೆಟೊ ಸೀಮೆಯಲ್ಲಿ ಈ ಹೂವು ರೈತನಿಗೆ ಒಂದರ್ಥದಲ್ಲಿ ಉಪ ಉತ್ಪನ್ನ. ಆದರೆ ಬಲೆಯಾಗಿ ನೆಟ್ಟ ಹೂವಿನಲ್ಲಿ ಹುಳು ಇರುವುದು ಸಹಜ. ಒಂದೊಂದನ್ನೂ ಬಿಡಿಸಿ ನೋಡದೆ ಗುಚ್ಛಕ್ಕೆ ಸೇರಿಸುವಂತಿಲ್ಲ.

ನೋಟ್‌ಪುಸ್ತಕ ಹೇಳಿದ್ದು

ಈಗ ಲೆಕ್ಕಕ್ಕೆ ಬರೋಣ. ಕಕ್ಷಿದಾರರ ನಿಜವಾದ ಅಂಕಿಗಳನ್ನು ಇಲ್ಲಿ ಕೊಡುವುದು ವೃತ್ತಿಧರ್ಮವಲ್ಲ. ಸುಲಭವಾಗಿ ಅರ್ಥವಾಗಲೆಂದು ಉದಾಹರಣೆಯ ಅಂಕಿಗಳನ್ನು ಹಿಡಿದಿದ್ದೇನೆ. ಸದಸ್ಯರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬಹುದು.

ಒಂದು ಗುಚ್ಛಕ್ಕೆ ಹೂವು ಮತ್ತು ಹಸಿರಿಗೆ 55 ರೂ., ಕಾಗದ ಮತ್ತು ದಾರಕ್ಕೆ 10 ರೂ., ಕಟ್ಟುವ ಕೂಲಿ 20 ರೂ. ಎಂದಿಟ್ಟುಕೊಳ್ಳೋಣ. ಅಲ್ಲಿಗೆ 85 ರೂ. ಮನೆಗೆ ತಲುಪಿಸಲು 30 ರೂ. ಮಾರಾಟದ ಬೆಲೆ 200 ರೂ. ಹೆಚ್ಚಿನ ವರ್ತಕರು ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ: ವೆಚ್ಚ 115, ಉಳಿತಾಯ 85.

ಆದರೆ ಬೆಳಿಗ್ಗೆ 100 ಗುಚ್ಛ ಕಟ್ಟಿಟ್ಟು ಸಂಜೆಯ ವೇಳೆಗೆ 70 ಮಾತ್ರ ಮಾರಾಟವಾದವು ಎನ್ನಿ. ಕಟ್ಟಿದ ನೂರಕ್ಕೆ 8,500 ರೂ., ತಲುಪಿಸಿದ ಎಪ್ಪತ್ತಕ್ಕೆ 2,100 ರೂ., ಒಟ್ಟು 10,600 ರೂ. ಮಾರಾಟ 14,000 ರೂ. ಉಳಿದದ್ದು 3,400 ರೂ. ಮನಸ್ಸಿನ ಲೆಕ್ಕದಲ್ಲಿ ಎಪ್ಪತ್ತು ಗುಚ್ಛಕ್ಕೆ 5,950 ರೂ. ಇರಬೇಕಿತ್ತು. ಇನ್ನೂ ಬಾಡಿಗೆ, ವಿದ್ಯುತ್ತು, ಅಂಗಡಿಯ ಹುಡುಗನ ಸಂಬಳ ಹಾಕಿಲ್ಲ. ಮಾರಾಟ 50ಕ್ಕೆ ಇಳಿದರೆ ವೆಚ್ಚವೂ 10,000, ಮಾರಾಟವೂ 10,000. ದಿನವಿಡೀ ದುಡಿದು ಸೊನ್ನೆ. ಕಕ್ಷಿದಾರರ ನೋಟ್‌ಪುಸ್ತಕದಲ್ಲಿ ಈ ಎರಡು ಸ್ಥಿತಿಗಳ ನಡುವಿನ ದಿನಗಳೇ ಹೆಚ್ಚಾಗಿದ್ದವು.

ಅವರು ಮಾಡಿದ ಬದಲಾವಣೆ ಇಷ್ಟೆ: ಅಂಗಡಿಯಲ್ಲಿ ಕಟ್ಟಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ವಾರಕ್ಕೊಮ್ಮೆ ಮನೆಗೆ ಗುಚ್ಛ ಬೇಕೆನ್ನುವವರಿಂದ ತಿಂಗಳ ಮುಂಗಡ ಪಡೆದರು. ಯಾವ ಹೂವು ಬರುತ್ತದೆಂದು ಗ್ರಾಹಕರು ಆಯ್ಕೆ ಮಾಡುವಂತಿಲ್ಲ; ಆ ವಾರ ಹೊಲದಲ್ಲಿ ಏನು ಅರಳಿದೆಯೋ ಅದು. ಆಶ್ಚರ್ಯವೆಂದರೆ ಇದಕ್ಕೆ ವಿರೋಧ ಬರಲಿಲ್ಲ. ಹಾಲು, ಪತ್ರಿಕೆಗಳಂತೆ ಪೂಜೆಯ ಹೂವನ್ನೂ ತಿಂಗಳ ಲೆಕ್ಕದಲ್ಲಿ ಹಾಕಿಸಿಕೊಂಡ ಅಭ್ಯಾಸ ನಮ್ಮ ಮನೆಗಳಿಗೆ ಮೊದಲೇ ಇತ್ತಲ್ಲ.

ಅದೇ ಉದಾಹರಣೆಯನ್ನು ಮುಂದುವರಿಸೋಣ. 70 ಗುಚ್ಛಕ್ಕೆ ಮುಂಗಡ ಬಂದಿದೆ, ಮುರಿದು ಬಾಡುವುದಕ್ಕೆಂದು 75ಕ್ಕೆ ಆಗುವಷ್ಟು ಹೂವು ತರಿಸಿದರು. ಬೆಳೆಗಾರನಿಗೆ ಗುಚ್ಛವೊಂದಕ್ಕೆ 55ರ ಬದಲು 65 ರೂ. ಕೊಟ್ಟರು. ಗ್ರಾಹಕರಿಗೆ 200ರ ಬದಲು 180 ರೂ. ದರ. ವೆಚ್ಚ 75ಕ್ಕೆ 95ರಂತೆ 7,125, ತಲುಪಿಸಲು 2,100, ಒಟ್ಟು 9,225 ರೂ. ಮಾರಾಟ 12,600 ರೂ. ಉಳಿದದ್ದು 3,375 ರೂ. ಮೊದಲಿನ 3,400ಕ್ಕೂ ಇದಕ್ಕೂ 25 ರೂಪಾಯಿ ವ್ಯತ್ಯಾಸ. ಗ್ರಾಹಕರು 20 ರೂಪಾಯಿ ಕಡಿಮೆ ಕೊಟ್ಟರು, ಬೆಳೆಗಾರ ಗುಚ್ಛವೊಂದಕ್ಕೆ 10 ರೂಪಾಯಿ ಹೆಚ್ಚು ಪಡೆದ, ವರ್ತಕರ ಗಳಿಕೆ ಹಾಗೆಯೇ ಉಳಿಯಿತು. ಈ ಹಣವೆಲ್ಲ ಹಿಂದೆ ಸಂಜೆಯ ಕಸದ ಬುಟ್ಟಿಗೆ ಹೋಗುತ್ತಿತ್ತು.

ಇಲ್ಲೊಂದು ತೊಡಕನ್ನು ಮುಚ್ಚಿಡಬಾರದು. ಮೊದಲು ಬೆಳೆಗಾರನಿಗೆ ನೂರು ಗುಚ್ಛದ ಹೂವಿಗೆ 5,500 ರೂ. ಬರುತ್ತಿತ್ತು, ಈಗ ಎಪ್ಪತ್ತೈದಕ್ಕೆ 4,875 ರೂ. ದರ ಹೆಚ್ಚಾದರೂ ಒಟ್ಟು ಮೊತ್ತ ಇಳಿಯಿತು. ಉಳಿದ ಹೂವನ್ನು ಆತ ಬಿಡಿ ಹೂವಾಗಿ ಮಾರಬಲ್ಲ ಎಂಬುದೇನೋ ನಿಜ, ಆದರೆ ಆ ಮಾರುಕಟ್ಟೆಯ ಏರಿಳಿತದಿಂದ ಅವನು ಪೂರ್ತಿ ಪಾರಾಗಲಿಲ್ಲ. ವ್ಯರ್ಥವಾಗುವುದು ತಗ್ಗಿದಾಗ ಅದರ ಹೊರೆ ಯಾರ ಮೇಲೆ ಬಿತ್ತು ಎಂಬುದನ್ನೂ ನೋಡಬೇಕು. ಹೊಸ ಮನೆಗಳು ಸೇರುತ್ತ ಹೋದಂತೆ ಮಾತ್ರ ಈ ಕೊರತೆ ತುಂಬುತ್ತದೆ.

ಹೂವು ಹೆಚ್ಚು ದಿನ ಬಾಳಿದಷ್ಟೂ ಮನೆಗಳು ಉಳಿಯುತ್ತವೆ. ಬೆಳಗಿನ ತಂಪಿನಲ್ಲಿ ಕೊಯ್ದು ಹೊಲದಲ್ಲಿಯೇ ನೀರಿನ ಬಕೆಟ್ಟಿಗೆ ಇಳಿಸುವುದು, ನೀರಿನೊಳಗೆ ಬರುವ ಎಲೆಗಳನ್ನು ತೆಗೆಯುವುದು, ಹರಿತವಾದ ಚಾಕುವಿನಿಂದ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸುವುದು ಮುಖ್ಯ. ಕೊಳೆತ ನೀರಿನ ಬ್ಯಾಕ್ಟೀರಿಯ ಕಡ್ಡಿಯ ನಾಳಗಳನ್ನು ಮುಚ್ಚಿಬಿಡುತ್ತದೆ. ಹೂದಾನಿಯಲ್ಲಿ ನೀರಿದ್ದೂ ಹೂವು ಬಾಡುವುದು ಇದರಿಂದ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಸೇವಂತಿಗೆ ಹತ್ತು ದಿನ ದಾಟುವುದು ಕಷ್ಟವಲ್ಲ. ಹಣ್ಣಿನ ವ್ಯಾಪಾರವನ್ನೂ ಜೊತೆಗೆ ಮಾಡುವವರು ಹೂವನ್ನು ಮಾಗಿದ ಬಾಳೆ, ಸೇಬುಗಳ ಬಳಿ ಇಡಬಾರದು. ಹಣ್ಣು ಮಾಗುವಾಗ ಹೊರಬರುವ ಎಥಿಲೀನ್ ಅನಿಲದಿಂದ, ವಿಶೇಷವಾಗಿ ಕಾರ್ನೇಷನ್‌ನಂತಹ ಹೂವುಗಳು ಬೇಗ ಮುದುಡುತ್ತವೆ.

ಹಸಿರು ಸ್ಪಂಜು ಮತ್ತು ಬಾಳೆದಿಂಡು

ಹೂಬುಟ್ಟಿಗಳ ತಳದಲ್ಲಿ ಕಡ್ಡಿಗಳನ್ನು ಚುಚ್ಚಿ ನಿಲ್ಲಿಸಲು ಬಳಸುವ ಹಸಿರು ಸ್ಪಂಜಿನಂತಹ ಇಟ್ಟಿಗೆ ಎಲ್ಲರಿಗೂ ಪರಿಚಿತ. 1954ರಲ್ಲಿ ಅಮೆರಿಕದಲ್ಲಿ ಬಂದ ಈ ವಸ್ತು ಫೀನಾಲ್ ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್. ಹಿಸುಕಿದರೆ ಪುಡಿಯಾಗಿ ನೀರಿನೊಡನೆ ಚರಂಡಿ ಸೇರುತ್ತದೆ. ಈ ಪುಡಿಯನ್ನು ಜಲಚರಗಳು ನುಂಗುತ್ತವೆ ಮತ್ತು ಅದರಿಂದ ಸೋರುವ ರಾಸಾಯನಿಕ ಅವುಗಳಿಗೆ ವಿಷಕಾರಿ ಎಂದು ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪುಷ್ಪ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ನಮ್ಮಲ್ಲಿ 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಸೇರಿರುವುದು ವರ್ತಕರಿಗೆ ತಿಳಿದೇ ಇದೆ.

ಇದಕ್ಕೆ ಪರ್ಯಾಯವನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ಬಾಳೆದಿಂಡಿನ ತುಂಡು ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ, ತಾನೇ ನೀರನ್ನೂ ಹೊಂದಿದೆ, ಮೂರು ನಾಲ್ಕು ದಿನದ ಅಲಂಕಾರಕ್ಕೆ ಸಾಕು. ಹೆಚ್ಚು ದಿನಕ್ಕಾದರೆ ಮಣ್ಣಿನ ಕುಡಿಕೆಯೊಳಗೆ ತಂತಿಬಲೆಯ ಉಂಡೆ ಇಡಬಹುದು. ಬಲೆಯನ್ನು ತೊಳೆದು ಮತ್ತೆ ಬಳಸಬಹುದು. ಸಣ್ಣ ತಯಾರಕರಾಗಿರುವ ಸದಸ್ಯರು ಗಮನಿಸಬೇಕಾದ ಸಂಗತಿ ಇದು: ಕುಂಬಾರರ ಕುಡಿಕೆಗೆ ಅಳತೆಗೆ ಸರಿಯಾಗಿ ಕೂರುವ ತಂತಿ ಜಾಲರಿ, ಒದ್ದೆಯಾದರೂ ಹರಿಯದ ಸುತ್ತುವ ಕಾಗದ ಇವುಗಳನ್ನು ನನ್ನ ಕಕ್ಷಿದಾರರು ತಮ್ಮ ಊರಿನಲ್ಲೇ ಹುಡುಕಿ ಸಿಗದೆ ದೂರದಿಂದ ತರಿಸುತ್ತಿದ್ದಾರೆ.

‘ಸುಸ್ಥಿರ’ ಎಂದು ಬರೆಯುವ ಮುನ್ನ

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಪರಿಸರದ ಹೆಸರಿನ ಸುಳ್ಳು ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’, ‘ಸುಸ್ಥಿರ’ ಎಂಬಂತಹ ಸಾಮಾನ್ಯ ಪದಗಳನ್ನು ಆಧಾರವಿಲ್ಲದೆ, ಸರಿಯಾದ ವಿವರಣೆ ಇಲ್ಲದೆ ಬಳಸುವಂತಿಲ್ಲ. ‘ಸಾವಯವ’ ಎನ್ನಬೇಕಾದರೆ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ವಾರ್ಷಿಕ ಬೆಳೆಗಳ ಜಮೀನಿಗೆ ಎರಡು ವರ್ಷಗಳ ಪರಿವರ್ತನಾ ಅವಧಿ ಇದೆ. ಹೀಗಿರುವಾಗ ಗುಚ್ಛದ ಚೀಟಿಯ ಮೇಲೆ ಊರಿನ ಹೆಸರು, ಕೊಯ್ದ ದಿನ, ಬಯಲಿನಲ್ಲಿ ಬೆಳೆದದ್ದು, ಪ್ಲಾಸ್ಟಿಕ್ ಬಳಸಿಲ್ಲ ಎಂದಷ್ಟೇ ಬರೆಯುವುದು ಕ್ಷೇಮ. ಅದು ಸತ್ಯ, ಯಾರು ಬೇಕಾದರೂ ಹೋಗಿ ನೋಡಬಹುದು.

ತೆರಿಗೆಯ ಮಾತು

ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ. ಹೂಗುಚ್ಛ, ಹೂಬುಟ್ಟಿಗಳೂ ಹೂವಿನ ಶೀರ್ಷಿಕೆಯಡಿಯಲ್ಲೇ ಬರುತ್ತವೆ. ಅವುಗಳಿಗೆ ಸುತ್ತಿದ ಕಾಗದ, ದಾರಗಳಂತಹ ಪೂರಕ ವಸ್ತುಗಳನ್ನು ಪರಿಗಣಿಸುವುದಿಲ್ಲವೆಂದು ಸುಂಕಪಟ್ಟಿಯ 6ನೇ ಅಧ್ಯಾಯದ ಟಿಪ್ಪಣಿಯೇ ಹೇಳುತ್ತದೆ. ಆದರೆ ಹೂವಿಗಿಂತ ಹೆಚ್ಚು ಬೆಲೆಯ ಗಾಜಿನ ಹೂದಾನಿಯನ್ನು ಸೇರಿಸಿ ಒಂದೇ ಬೆಲೆಗೆ ಮಾರಿದರೆ ಅದನ್ನು ಪೂರಕ ವಸ್ತು ಎಂದು ವಾದಿಸುವುದು ಕಷ್ಟ. ಮಿಶ್ರ ಪೂರೈಕೆ ಎಂದಾದರೆ ಇಡೀ ಮೊತ್ತಕ್ಕೆ ಹೆಚ್ಚಿನ ದರದ ತೆರಿಗೆ ಬೀಳುತ್ತದೆ. ಎರಡನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ, ಪ್ರತ್ಯೇಕ ಬೆಲೆಯಲ್ಲಿ ತೋರಿಸಿರಿ.

ಹೆಚ್ಚಿನವರು ಎಡವುವುದು ನೋಂದಣಿಯ ವಿಷಯದಲ್ಲಿ. ಬರೀ ಹೂವು ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅದೇ ವರ್ತಕರು ಮದುವೆ ಮಂಟಪದ ಅಲಂಕಾರ ಒಪ್ಪಿಕೊಂಡರೆ ಅದು ಸೇವೆ, ಶೇಕಡ 18ರ ತೆರಿಗೆಗೆ ಒಳಪಟ್ಟದ್ದು. ಸೇವೆ ಒದಗಿಸುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ 20 ಲಕ್ಷ ರೂ.; ಈ ಒಟ್ಟು ವಹಿವಾಟಿನಲ್ಲಿ ತೆರಿಗೆಯಿಲ್ಲದ ಹೂವಿನ ಮಾರಾಟವೂ ಸೇರುತ್ತದೆ. ಹೂವು 16 ಲಕ್ಷ, ಅಲಂಕಾರ 5 ಲಕ್ಷ ಎಂದರೆ 21 ಲಕ್ಷವಾಯಿತು; ನೋಂದಣಿ ಕಡ್ಡಾಯ. ತೆರಿಗೆ ಬೀಳುವುದು 5 ಲಕ್ಷದ ಮೇಲೆ ಮಾತ್ರವಾದರೂ ನೋಂದಣಿ ಇಲ್ಲದಿದ್ದರೆ ದಂಡ ತಪ್ಪಿದ್ದಲ್ಲ.

ಆದಾಯ ತೆರಿಗೆಯಲ್ಲಿ 2026ರ ಏಪ್ರಿಲ್ 1ರಿಂದ 2025ರ ಕಾಯಿದೆ ಅನ್ವಯವಾಗುವುದರಿಂದ ಹಳೆಯ ಕಲಮುಗಳ ಸಂಖ್ಯೆಯನ್ನು ಬರೆದು ಗೊಂದಲ ಮಾಡುವುದಿಲ್ಲ. ತತ್ತ್ವ ಹಳೆಯದೇ. ಉತ್ತು, ನೆಟ್ಟು ಬೆಳೆದ ಹೂವಿನ ಆದಾಯ ಕೃಷಿ ಆದಾಯ. ಭೂಮಿಯ ಮೇಲಿನ ಮೂಲ ಕೆಲಸವೇ ಅದರ ಅಳತೆಗೋಲೆಂದು ಸರ್ವೋಚ್ಚ ನ್ಯಾಯಾಲಯ ರಾಜಾ ಬಿನೋಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ 1957ರಲ್ಲೇ ಹೇಳಿತು. ಆದರೆ ಬೆಳೆಗಾರನೇ ಗುಚ್ಛ ಕಟ್ಟಿ ಅಂಗಡಿಯಿಟ್ಟು ಮಾರಿದರೆ ಹೂವಿನ ಮಾರುಕಟ್ಟೆ ಬೆಲೆಯವರೆಗಿನ ಭಾಗ ಕೃಷಿಗೆ, ಅದರ ಮೇಲಿನದು ವ್ಯಾಪಾರಕ್ಕೆ ಸೇರುತ್ತದೆ. ಇನ್ನು ನಗದು ಪಾವತಿ: ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟ ಖರ್ಚನ್ನು ಒಪ್ಪುವುದಿಲ್ಲ ಎಂಬ ನಿಯಮಕ್ಕೆ, ಬೆಳೆಗಾರನಿಗೇ ನೇರವಾಗಿ ಪಾವತಿಸಿದಾಗ ವಿನಾಯಿತಿ ಇರುವುದುಂಟು. ಮಂಡಿಯ ದಲ್ಲಾಳಿಗೆ ಕೊಟ್ಟ ನಗದಿಗೆ ಆ ರಕ್ಷಣೆ ಸಿಗುವುದಿಲ್ಲ. ಬೆಳೆಗಾರನ ಹೆಸರು, ಊರು, ಸಹಿ ಇರುವ ಚೀಟಿಯನ್ನು ಜೋಪಾನವಾಗಿಡಿ. ಮೇಲೆ ಹೇಳಿದ ಕೊಯ್ಲಿನ ದಿನ ಮತ್ತು ಔಷಧಿಯ ವಿವರವನ್ನೂ ಅದೇ ಚೀಟಿಯಲ್ಲಿ ಬರೆಸಿಕೊಂಡರೆ ತೆರಿಗೆಗೂ ಗ್ರಾಹಕರಿಗೂ ಒಂದೇ ದಾಖಲೆ ಸಾಕು.

ಪಂಚಾಂಗ ನೋಡಿ ನೆಡಬೇಕು

ಈ ವ್ಯವಹಾರಕ್ಕೆ ಇಳಿಯಬೇಕೆನ್ನುವವರು ಹಬ್ಬದ ಮುನ್ನಾ ವಾರ ಹೊಲ ಹುಡುಕಿದರೆ ಪ್ರಯೋಜನವಿಲ್ಲ. ಚೆಂಡುಹೂ ನಾಟಿಯಾದ ಸುಮಾರು ಎರಡು ತಿಂಗಳಿಗೆ ಹೂವು ಕೊಡುತ್ತದೆ. ಆಸ್ಟರ್‌ಗೆ ಬಿತ್ತನೆಯಿಂದ ಮೂರು ತಿಂಗಳಿಗೂ ಹೆಚ್ಚು ಬೇಕು. ಸೇವಂತಿಗೆಯನ್ನು ಮುಂಗಾರಿನ ಆರಂಭದ ಹೊತ್ತಿಗೇ ನೆಡಬೇಕು. ಎಂದರೆ ಮಾತುಕತೆ ಯುಗಾದಿಯ ಆಸುಪಾಸಿನಲ್ಲೇ ಮುಗಿದಿರಬೇಕು.

ಮೇಲಾಗಿ ಹೂವು ಸೂರ್ಯನನ್ನು ನೋಡಿ ಅರಳುತ್ತದೆ, ಹಬ್ಬ ಚಂದ್ರನನ್ನು ನೋಡಿ ಬರುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸವಿರುವ ಕಾರಣ ಅಕ್ಟೋಬರ್ 20ಕ್ಕೆ. ಹಿಂದಿನ ವರ್ಷದ ದಿನಾಂಕವನ್ನೇ ನೆನಪಿಟ್ಟು ನೆಟ್ಟವರ ಚೆಂಡುಹೂವು ಹದಿನೆಂಟು ದಿನ ಮೊದಲೇ ಕೊಯ್ಲಿಗೆ ಬರುತ್ತದೆ. ನನ್ನ ಕಕ್ಷಿದಾರರಿಗೆ ಹೂವು ಕೊಡುವ ಆ ಬೆಳೆಗಾರ ಯುಗಾದಿಯ ಹೊಸ ಪಂಚಾಂಗ ಕೈಗೆ ಬಂದ ಕೂಡಲೇ ಅವರಿಗೆ ಫೋನ್ ಮಾಡಿ ಮೊದಲು ಕೇಳುವುದು ದರವನ್ನಲ್ಲ, ಈ ಬಾರಿ ಎಷ್ಟು ಮನೆ ಎಂದು.